ಗ್ರೂಪ್ ಸುಮ್ಮನಾದ ಹೊತ್ತು

ಕೆಲಸದ ಜಾಗದಲ್ಲಿ ಅವಳಿಗೆ ಬಿದ್ದಿದ್ದ ಹೆಸರು ಪುಕ್ಕಲಕ್ಕ. ಎದುರಿಗೆ ಎಲ್ಲರೂ ಬರೀ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ಮೊದಲ ಮೂರಕ್ಷರ ಸೇರಿಕೊಳ್ಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಸುಳ್ಳೇನಲ್ಲವಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದಳು.

ಹೆದರಿಕೆ ಅವಳಿಗೆ ಹುಟ್ಟಿನಿಂದ ಬಂದದ್ದು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ಮತ್ತೆ ವಾಪಸು ಬಂದು ಬೀಗ ಎಳೆದು ನೋಡುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಶುರುವಾದರೆ ಮುಂದಿನ ನಿಲ್ದಾಣದಲ್ಲೇ ಇಳಿದು ವಾಪಸು ಹೋಗುತ್ತಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದರೂ ಗಂಡ ಸ್ನಾನದ ಮನೆಯಲ್ಲಿ ಹತ್ತು ನಿಮಿಷ ಹೆಚ್ಚು ಇದ್ದರೆ ಬಾಗಿಲು ಬಡಿಯುತ್ತಿದ್ದಳು. "ಬದುಕಿದ್ದೀನಿ ಕಣೇ, ಸೋಪು ಹಚ್ಕೊಳ್ತಾ ಇದ್ದೀನಿ" ಎಂದು ಅವನು ಒಳಗಿನಿಂದ ಕೂಗಬೇಕು. ಅವನು ಶಾಲೆಯಲ್ಲಿ ಗಣಿತದ ಮೇಷ್ಟ್ರು, ತಾಳ್ಮೆಯ ಮನುಷ್ಯ. ಮೂವರೇ ಇದ್ದ ಮನೆಯಲ್ಲಿ ಮಾತಿನ ಪಾಲನ್ನೆಲ್ಲ ಅವನ ತಾಯಿ, ಅಂದರೆ ಅವಳ ಅತ್ತೆ, ಒಬ್ಬಳೇ ತೆಗೆದುಕೊಂಡಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಆಂಬುಲೆನ್ಸ್ ಕರೆ ಕೇಂದ್ರದಲ್ಲಿ. ನೆಲಮಹಡಿಯಲ್ಲಿ ಉದ್ದದ ಕರೆಕೋಣೆ. ಅಲ್ಲಿ ಇಪ್ಪತ್ತು ಜನ ಹೆಂಗಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ಊರಿನ ಯಾವ ಮೂಲೆಯಲ್ಲಿ ಯಾರ ಎದೆ ಹಿಡಿದುಕೊಂಡರೂ, ಯಾರು ಮಾಳಿಗೆಯಿಂದ ಬಿದ್ದರೂ ಮೊದಲು ಕೇಳುವುದು ಆ ಹೆಂಗಸರ ದನಿ: "ಹೇಳಿ, ಎಲ್ಲಿದ್ದೀರ?" ಎರಡನೇ ಮಹಡಿಯಲ್ಲಿ ಕಿಟಕಿಯೇ ಇಲ್ಲದ ಒಂದು ತಣ್ಣನೆಯ ಕೋಣೆ. ಅದರಲ್ಲಿ ಎಂಟು ಸರ್ವರ್‌ಗಳು. ಬಂದ ಕರೆಯನ್ನು ಹಿಡಿಯುವುದು, ಹತ್ತಿರದ ಗಾಡಿ ಯಾವುದೆಂದು ಹುಡುಕುವುದು, ಚಾಲಕನಿಗೆ ವಿಳಾಸ ಕಳಿಸುವುದು, ಎಲ್ಲವೂ ಆ ಎಂಟರದೇ ಕೆಲಸ. ಅವಳು ಮೊದಲು ಟೈಪಿಂಗ್ ಕೆಲಸಕ್ಕೆ ಸೇರಿದವಳು. ಆ ಕೋಣೆಯ ಚಳಿಯಲ್ಲಿ ಕೂರಲು ಬೇರೆ ಯಾರೂ ಒಪ್ಪದೆ, ಸ್ವೆಟರ್ ಹಾಕಿಕೊಂಡು ಒಳಗೆ ಹೋದವಳು ಅಲ್ಲೇ ಉಳಿದುಬಿಟ್ಟಳು. ಹದಿನಾಲ್ಕು ವರ್ಷದಲ್ಲಿ ಆ ಯಂತ್ರಗಳ ಸದ್ದಿನಿಂದಲೇ ಅವುಗಳ ಆರೋಗ್ಯ ಹೇಳುವಷ್ಟು ಕಲಿತಿದ್ದಳು. ಗಂಟೆಗೊಮ್ಮೆ ನೋಟ್‌ಬುಕ್ ಹಿಡಿದು ಒಂದೊಂದರ ಮುಂದೆಯೂ ನಿಂತು ದೀಪ ನೋಡಿ ಬರೆದುಕೊಳ್ಳುತ್ತಿದ್ದಳು.

ಯಂತ್ರಗಳೂ ತಮಗೇನಾದರೂ ಆದರೆ ಮೇಲ್ ಕಳಿಸುತ್ತಿದ್ದವು. ಆ ಮೇಲ್ ಹೋಗಿ ಬೀಳುತ್ತಿದ್ದದ್ದು ಮ್ಯಾನೇಜರ್ ಪೆಟ್ಟಿಗೆಗೆ. ಅಲ್ಲಿ ಸಾವಿರಾರು ಪತ್ರಗಳ ನಡುವೆ ಅವನ್ನು ಓದುವವರೇ ಇರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಗ್ಗೆ ಗಾಡಿ ಹಂಚುವ ಯಂತ್ರದ ಡಿಸ್ಕ್ ತುಂಬಿ ಅದು ನಿಂತುಹೋಯಿತು. ತುಂಬುತ್ತಿದೆ, ತುಂಬುತ್ತಿದೆ ಎಂದು ಅದು ಮೂರು ದಿನದಿಂದ ಮೇಲ್ ಬರೆಯುತ್ತಲೇ ಇತ್ತು. ಮುಕ್ಕಾಲು ಗಂಟೆ ಕೆಳಗಿನ ಹೆಂಗಸರು ಕಾಗದದ ಮೇಲೆ ಬರೆದುಕೊಂಡು, ಚಾಲಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಗಾಡಿ ಕಳಿಸಿದರು. ಒಂದು ಮನೆಗೆ ಗಾಡಿ ಹೋದದ್ದು ನಲವತ್ತು ನಿಮಿಷ ತಡವಾಗಿ. ಆ ಮನೆಯ ಯಜಮಾನ ದಾರಿಯಲ್ಲೇ ತೀರಿಕೊಂಡ. ಬೇಗ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ವಾರದ ಮೇಲೆ ಅವನ ಮಗ ಕೇಂದ್ರಕ್ಕೆ ಬಂದ. ಕೂಗಾಡಲಿಲ್ಲ, ಜಗಳ ಮಾಡಲಿಲ್ಲ. ಕೆಳಗಿನ ಬಾಗಿಲಲ್ಲಿ ನಿಂತು, "ಆ ಹೊತ್ತಲ್ಲಿ ಇಲ್ಲಿ ಏನಾಗಿತ್ತು ಅಂತ ಮಾತ್ರ ಹೇಳಿ" ಎಂದು ಕೇಳಿದ. ಅವಳು ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ನಿಂತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ಬಾಯಿ ಬರಲಿಲ್ಲ. ಮ್ಯಾನೇಜರ್ ಏನೋ ಸಮಾಧಾನ ಹೇಳಿ ಅವನನ್ನು ಕಳಿಸಿಕೊಟ್ಟರು.

ಅಲ್ಲಿಂದ ಅವಳ ಹೆದರಿಕೆಗೆ ಒಂದು ದಾರಿ ಸಿಕ್ಕಿತು. ಯಂತ್ರ ಹೇಳುವ ಮಾತು ಮನುಷ್ಯರ ಕಿವಿಗೆ ಬೀಳಲೇಬೇಕು ಎಂದು ಹಟ ಹಿಡಿದಳು. ಕೇಂದ್ರದ ತಾಂತ್ರಿಕ ತಂಡವೆಂದರೆ ನಾಲ್ಕು ಜನ: ಮ್ಯಾನೇಜರ್, ಎಲೆಕ್ಟ್ರಿಷಿಯನ್, ಹೊಸದಾಗಿ ಬಂದಿದ್ದ ಪ್ರೋಗ್ರಾಮರ್ ಹುಡುಗಿ ಮತ್ತು ಇವಳು. ನಾಲ್ವರೂ ಮಾತಾಡಿಕೊಳ್ಳಲು ಫೋನಿನಲ್ಲಿ ಒಂದು ಗ್ರೂಪ್ ಇತ್ತು. ಊಟಕ್ಕೆ ಬರ್ತೀರಾ, ಏಣಿ ಯಾರು ತಗೊಂಡು ಹೋದ್ರಿ, ಇಂಥ ಮಾತುಗಳಿಗೆ. ಯಂತ್ರದ ಎಚ್ಚರಿಕೆಯೂ ಅಲ್ಲಿಗೇ ಬಂದರೆ?

"ಅದೇನು ಮಹಾ ಅಕ್ಕ" ಎಂದಳು ಪ್ರೋಗ್ರಾಮರ್ ಹುಡುಗಿ. "ಗ್ರೂಪ್‌ಗೆ ಒಂದು ಗುಟ್ಟಿನ ವಿಳಾಸ ಮಾಡ್ಕೋಬಹುದು. ಆ ವಿಳಾಸಕ್ಕೆ ಯಾವ ಮಷೀನ್ ಏನು ಕಳಿಸಿದ್ರೂ ಸೀದಾ ಗ್ರೂಪಲ್ಲಿ ಬಂದು ಬೀಳತ್ತೆ. ವಿಳಾಸ ಮಾತ್ರ ಹೊರಗಿನವರ ಕೈಗೆ ಸಿಗಬಾರದು."

"ಸಿಕ್ಕರೆ?" ಎಂದು ಇವಳು ಆಗಲೇ ಹೆದರಿದಳು.

"ಸಿಕ್ಕರೆ ಯಾರೋ ತಮಾಷೆಗೆ ಬೆಂಕಿ ಬಿದ್ದಿದೆ ಅಂತ ಬರೀತಾರೆ. ನೀವು ಅಲ್ಲೇ ಮೂರ್ಛೆ ಹೋಗ್ತೀರ."

ಎರಡು ವಾರ ಹುಡುಗಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಕೇಳಿದ್ದನ್ನೇ ಕೇಳಿ, ಅವಳ ತಲೆ ತಿಂದು, ಕೊನೆಗೆ ಎಂಟು ಯಂತ್ರಕ್ಕೂ ತಾನೇ ಬರೆದು ಕೂರಿಸಿದಳು. ಮೊದಲ ಸಂದೇಶ ಬಂದ ದಿನ ನಾಲ್ಕು ಫೋನುಗಳೂ ಒಟ್ಟಿಗೆ ಗುಂಯ್ ಎಂದವು. "ಎರಡನೇ ಯಂತ್ರ: ಡಿಸ್ಕ್ ನೂರಕ್ಕೆ ಎಂಬತ್ತು ಭಾಗ ತುಂಬಿದೆ." ಅವಳು ಅದನ್ನು ಐದಾರು ಸಲ ಓದಿದಳು. ಅಂದು ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಉಳಿದವರಿಗೆ ಮಾತ್ರ ನಿದ್ದೆ ಹಾರಿಹೋಯಿತು. ದಿನಕ್ಕೆ ನೂರು ನೂರೈವತ್ತು ಸಂದೇಶ. ಯಾವುದನ್ನೂ ಬಿಡಲು ಅವಳಿಗೆ ಧೈರ್ಯವಿರಲಿಲ್ಲ; ಬಿಟ್ಟದ್ದೇ ನಾಳೆ ತಿರುಗಿ ಬಿದ್ದರೆ?

"ಅಕ್ಕಾ, ನಿಮ್ಮ ಮಷೀನ್ ಕೆಮ್ಮಿದ್ರೂ ಮೆಸೇಜು, ಸೀನಿದ್ರೂ ಮೆಸೇಜು" ಎಂದ ಎಲೆಕ್ಟ್ರಿಷಿಯನ್. "ನನ್ನ ಹೆಂಡ್ತಿ ಯಾರದು ಇಷ್ಟೊಂದು ಮೆಸೇಜು ಅಂತ ಕೇಳ್ತಾಳೆ. ನಾಲ್ಕನೇ ಮಷೀನಿಂದು ಅಂದ್ರೆ ನಂಬಲ್ಲ."

ಅವನು ಗ್ರೂಪಿನ ಸದ್ದನ್ನೇ ಅಡಗಿಸಿ ಇಟ್ಟಿದ್ದಾನೆಂದು ತಿಳಿದ ದಿನ ಅವಳೂ ನಿದ್ದೆ ಮಾಡಲಿಲ್ಲ. ಮ್ಯಾನೇಜರ್ ಕರೆದು, "ನೋಡಮ್ಮ, ನಿಜವಾಗಿ ಅಪಾಯ ಇದ್ದರೆ ಮಾತ್ರ ಬರಲಿ. ಬೆಳಗ್ಗೆ ಎದ್ದು ನಿಮ್ಮ ಯಂತ್ರಗಳ ಕ್ಷೇಮಸಮಾಚಾರ ಓದೋಕೆ ನನಗೆ ಪುರುಸೊತ್ತಿಲ್ಲ" ಎಂದರು. ಅವಳು ಗಂಡನ ಎದುರಿಗೆ ಪಟ್ಟಿ ಹರಡಿಕೊಂಡು ಕೂತು, ಒಂದೊಂದನ್ನೂ ಹೊಡೆದುಹಾಕುವ ಮೊದಲು ಎರಡೆರಡು ಸಲ ಓದಿ, ನೂರೈವತ್ತನ್ನು ಆರಕ್ಕೋ ಏಳಕ್ಕೋ ಇಳಿಸಿದಳು. ಒಂದನ್ನು ಮಾತ್ರ ಬಿಡಲಿಲ್ಲ. ಕಾಲು ಗಂಟೆಗೊಮ್ಮೆ ಅದೇ ಗುಟ್ಟಿನ ವಿಳಾಸದ ಮೂಲಕ, ಆದರೆ ತನ್ನೊಬ್ಬಳ ಫೋನಿಗೆ ಮಾತ್ರ, ಎರಡು ಪದದ ಸಂದೇಶ ಬರುವಂತೆ ಇಟ್ಟುಕೊಂಡಳು: "ಇದ್ದೀನಿ, ಅಕ್ಕ." ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ಒಂದು ವರ್ಷ ಎಲ್ಲ ನೆಟ್ಟಗೆ ನಡೆಯಿತು. ಎಲೆಕ್ಟ್ರಿಷಿಯನ್ ಗ್ರೂಪಿನ ಸದ್ದನ್ನು ಮತ್ತೆ ಹಾಕಿಕೊಂಡ. ಎಚ್ಚರಿಕೆ ಬಂದರೆ ಯಾರಾದರೊಬ್ಬರು ಓಡುತ್ತಿದ್ದರು.

ಆ ಬೇಸಿಗೆಯಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸುವುದೆಂದು ನಿಶ್ಚಯವಾಯಿತು. ಅವಳು ಒಂದು ದಿನ ರಜೆ ಹಾಕಿ, ಬೆಳಗ್ಗೆ ಹತ್ತಕ್ಕೆ ಅತ್ತೆಯನ್ನು ಕರೆದುಕೊಂಡು ಕಣ್ಣಾಸ್ಪತ್ರೆಗೆ ಹೋದಳು. ಉದ್ದದ ಕಾರಿಡಾರಿನಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ನರ್ಸ್ ಬಂದು ಅತ್ತೆಯ ಕಣ್ಣಿಗೆ ಹನಿ ಬಿಟ್ಟು, "ಹನ್ನೆರಡೂವರೆಗೆ ಕರೀತೀವಿ" ಎಂದು ಹೇಳಿ ಹೋದಳು.

ಹತ್ತೂ ಮುಕ್ಕಾಲಿಗೆ ಕೈಯಲ್ಲಿದ್ದ ಫೋನು ಗುಂಯ್ ಎಂದಿತು. "ಒಂದನೇ ಯಂತ್ರ: ಬಿಸಿ ಹೆಚ್ಚಿದೆ." ಅವಳು ಓದಿ ಮುಗಿಸುವಷ್ಟರಲ್ಲಿ ಎರಡನೆಯದು, ಐದನೆಯದು, ಏಳನೆಯದು. ಮತ್ತೆ ಒಂದನೆಯದು. ಫೋನು ಬಿಡುವಿಲ್ಲದೆ ಅದುರತೊಡಗಿತು. ಸರ್ವರ್ ಕೋಣೆಯ ಏಸಿ ನಿಂತಿದೆ ಎಂದು ಅವಳಿಗೆ ಕ್ಷಣದಲ್ಲಿ ಹೊಳೆಯಿತು. ಗ್ರೂಪಿನಲ್ಲಿ ಬರೆಯಬೇಕೆಂದು ಬೆರಳಿಡುವ ಮೊದಲೇ ಎಲೆಕ್ಟ್ರಿಷಿಯನ್ ಬರೆದಿದ್ದ: "ನೋಡ್ತಾ ಇದ್ದೀನಿ."

ಹತ್ತು ನಿಮಿಷದ ಮೇಲೆ ಅವನೇ ಮತ್ತೆ ಬರೆದ: "ಏಸಿ ಆನ್ ಮಾಡಿದೆ. ಓಡ್ತಾ ಇದೆ."

ನಿಜ, ಸಂದೇಶಗಳು ನಿಂತಿದ್ದವು. ಪ್ರೋಗ್ರಾಮರ್ ಹುಡುಗಿ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದಳು. "ಅಕ್ಕ ರಜೆ ಎಂಜಾಯ್ ಮಾಡಿ" ಎಂದು ಬರೆದಳು. ಅವಳು ಉಸಿರು ಬಿಟ್ಟು ಫೋನನ್ನು ಚೀಲಕ್ಕೆ ಹಾಕಿದಳು.

"ಏನೇ ಅದು, ಜೇನುಹುಳ ಇಟ್ಕೊಂಡಿದ್ದೀಯಾ ಚೀಲದಲ್ಲಿ?" ಎಂದಳು ಅತ್ತೆ. ಹನಿ ಹಾಕಿದ ಕಣ್ಣಿಗೆ ಎಲ್ಲ ಮಂಜು. ಕಿವಿ ಮಾತ್ರ ಚುರುಕಾಗಿತ್ತು.

"ಆಫೀಸಿಂದು ಅತ್ತೆ. ಸರಿಹೋಯ್ತು."

ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಅತ್ತೆ ತನ್ನ ಪಕ್ಕದಲ್ಲಿ ಕೂತ ಮುದುಕನಿಗೆ ಯಾವ ಕಣ್ಣು ಎಂದು ಕೇಳಿ, ಅವನ ಎಡಗಣ್ಣಿನ ಪೂರ್ತಿ ಚರಿತ್ರೆ ತಿಳಿದುಕೊಳ್ಳುತ್ತಿದ್ದಳು. ಅವಳು ಸುಮ್ಮನೆ ಅಭ್ಯಾಸಬಲದಿಂದ ಫೋನ್ ತೆಗೆದು ನೋಡಿದಳು. ಗ್ರೂಪು ಶಾಂತ. ತನ್ನೊಬ್ಬಳಿಗೇ ಸಂದೇಶ ಬರುವ ಜಾಗಕ್ಕೆ ಹೋದಳು. ಕೊನೆಯ "ಇದ್ದೀನಿ, ಅಕ್ಕ" ಬಂದದ್ದು ಹತ್ತೂ ಮುಕ್ಕಾಲಿಗೆ. ಹನ್ನೊಂದರದು ಬಂದಿಲ್ಲ. ಹನ್ನೊಂದೂ ಕಾಲಿನದೂ ಬಂದಿಲ್ಲ.

ಆಸ್ಪತ್ರೆಯಲ್ಲಿ ಸಿಗ್ನಲ್ ಇಲ್ಲವೇನೋ ಎಂದುಕೊಂಡು ಕಿಟಕಿಯ ಹತ್ತಿರ ಹೋದಳು. ಸಿಗ್ನಲ್ ಚೆನ್ನಾಗಿಯೇ ಇತ್ತು. ಹನ್ನೊಂದೂವರೆ ಆಗುವ ತನಕ ಕಿಟಕಿಯ ಸರಳು ಹಿಡಿದು ನಿಂತಳು. ಹನ್ನೊಂದೂವರೆಯೂ ಕಳೆಯಿತು. ಫೋನು ಕಲ್ಲಿನ ಹಾಗೆ ಬಿದ್ದಿತ್ತು.

ಆಗ ಅವಳಿಗೆ ಅರ್ಥವಾಯಿತು. ಎಂಟು ಯಂತ್ರಗಳೂ ಒಟ್ಟಿಗೆ ಹತ್ತು ಸೆಕೆಂಡಿಗೊಮ್ಮೆ ಕೂಗಿದ್ದವು. ಅಷ್ಟು ಕೂಗನ್ನು ತಡೆಯಲಾರದೆ ಚಾಟ್ ಕಂಪನಿಯವರು ಆ ಗುಟ್ಟಿನ ವಿಳಾಸದ ಬಾಗಿಲನ್ನೇ ಮುಚ್ಚಿಬಿಟ್ಟಿರಬೇಕು. ಏಸಿ ಓಡಿದ್ದಕ್ಕೂ ಸಂದೇಶ ನಿಂತದ್ದಕ್ಕೂ ಸಂಬಂಧವೇ ಇಲ್ಲ. ಏಸಿ ಮತ್ತೆ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಎಲ್ಲ ಸರಿಯಾಯಿತೆಂದು ಎಲ್ಲರೂ ಅವರವರ ಕೆಲಸಕ್ಕೆ ಹೋಗಿದ್ದಾರೆ.

ಮ್ಯಾನೇಜರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಅವರು ಬೇರೆ ಕಚೇರಿಯಲ್ಲಿ ಸಭೆಯಲ್ಲಿದ್ದರು. ಎಲೆಕ್ಟ್ರಿಷಿಯನ್ ಫೋನು ರಿಂಗಾಗಿ ನಿಂತಿತು. ಪ್ರೋಗ್ರಾಮರ್ ಹುಡುಗಿ ಎತ್ತಿದಳು.

"ಅಕ್ಕಾ, ಗ್ರೂಪಲ್ಲಿ ಏನೂ ಬಂದಿಲ್ವಲ್ಲ. ಎಲ್ಲ ಸರಿ ಇರತ್ತೆ ಬಿಡಿ. ನಾನು ಕಾಫಿಗೆ ಹೊರಗೆ ಬಂದಿದ್ದೀನಿ, ಹೋದ ತಕ್ಷಣ ನೋಡ್ತೀನಿ."

"ಬಂದಿಲ್ಲ ಅಂತಲೇ ಹೆದರಿಕೆ ಕಣೇ."

"ಬಂದ್ರೂ ಹೆದರಿಕೆ, ಬರದಿದ್ರೂ ಹೆದರಿಕೆ ಅಂದ್ರೆ ಹೆಂಗಕ್ಕ?" ಹುಡುಗಿ ನಕ್ಕಳು.

ಕೊನೆಗೆ ಕರೆಕೋಣೆಯ ಮೇಲ್ವಿಚಾರಕಿಯ ಮೇಜಿನ ಫೋನಿಗೆ ಮಾಡಿದಳು. ಆ ಹೆಂಗಸು ಮೂವತ್ತು ವರ್ಷ ಅಲ್ಲೇ ಕೂತವಳು. ಮನೆಗೆ ಬೆಂಕಿ ಬಿದ್ದರೂ ದನಿ ಏರಿಸದವಳು.

"ಎಲ್ಲ ಚೆನ್ನಾಗಿದೆಯಮ್ಮ. ಕರೆ ಬರ್ತಾ ಇದೆ, ಗಾಡಿ ಹೋಗ್ತಾ ಇದೆ. ಇವತ್ತು ಪುಣ್ಯಕ್ಕೆ ಸ್ವಲ್ಪ ಕಮ್ಮಿ. ನಮ್ಮ ಹುಡುಗೀರು ಕಾಲು ಚಾಚ್ಕೊಂಡು ಕೂತಿದ್ದಾರೆ."

"ಕಮ್ಮಿಯಾ? ಎಷ್ಟು ಕಮ್ಮಿ?"

"ಅರ್ಧಕ್ಕರ್ಧ ಇರಬೇಕು. ಯಾಕೆ?"

ಹೊರಗೆ ಬಿಸಿಲು ಸುಡುತ್ತಿತ್ತು. ಇಂಥ ದಿನ ಜನ ರಸ್ತೆಯಲ್ಲೇ ತಲೆ ಸುತ್ತಿ ಬೀಳುತ್ತಾರೆ. ಇಂಥ ದಿನ ಕರೆ ಹೆಚ್ಚಬೇಕು. ಬಂದ ಕರೆಗಳನ್ನು ಹಿಡಿಯುವ ಯಂತ್ರ ಎರಡು, ಮೂರನೆಯದು ಮತ್ತು ನಾಲ್ಕನೆಯದು. ಟೆಲಿಫೋನ್ ಲೈನು ಒಂದು ಕರೆಯನ್ನು ಇದಕ್ಕೆ, ಮುಂದಿನದನ್ನು ಅದಕ್ಕೆ ಕೊಡುತ್ತ ಹೋಗುತ್ತದೆ. ಅರ್ಧಕ್ಕರ್ಧ ಕಮ್ಮಿ ಎಂದರೆ ಅವುಗಳಲ್ಲಿ ಒಂದು ಸತ್ತ ಹಾಗೆ ಕೂತಿದೆ. ಪೂರ್ತಿ ಸತ್ತಿದ್ದರೆ ಲೈನಿಗೆ ಗೊತ್ತಾಗಿ ಎಲ್ಲ ಕರೆಯನ್ನೂ ಇನ್ನೊಂದಕ್ಕೆ ಕೊಡುತ್ತಿತ್ತು. ಉಸಿರು ಇದೆ, ಜ್ಞಾನ ಇಲ್ಲ. ಕರೆ ಮಾಡಿದವರ ಕಿವಿಯಲ್ಲಿ ರಿಂಗ್ ಆಗುತ್ತಲೇ ಇರುತ್ತದೆ, ಕರೆಕೋಣೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅದನ್ನು ಮುಟ್ಟಿ ಸರಿಮಾಡುವುದು ಕೆಳಗಿನವರಲ್ಲಿ ಯಾರಿಗೂ ಬಾರದು.

ಅವಳು ಅತ್ತೆಯ ಮುಂದೆ ಬಂದು ನಿಂತಳು. ಕಣ್ಣು ಕಾಣದ ಎಪ್ಪತ್ತೆರಡರ ಹೆಂಗಸನ್ನು ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸಿ ಹೋಗುವುದೆಂದರೇನು? ಹೋಗಿ ನೋಡಿದರೆ ಎಲ್ಲ ಸರಿಯಿದ್ದರೆ? ಊರೆಲ್ಲ ನಗುತ್ತದೆ. ಸರಿಯಿಲ್ಲದಿದ್ದರೆ?

"ಅತ್ತೆ, ನಾನು..." ಎಂದಳು.

"ಹೋಗಬೇಕಾ? ಹೋಗು" ಎಂದಳು ಅತ್ತೆ. "ನಿನ್ನ ಉಸಿರಾಟ ಇಲ್ಲಿಗೇ ಕೇಳಿಸ್ತಾ ಇದೆ. ನನ್ನ ಕಣ್ಣಿಗೇನು ಕಾಲು ಬಂದು ಓಡಿಹೋಗಲ್ಲ. ಅವನಿಗೆ ಫೋನ್ ಮಾಡಿ ಬರೋಕೆ ಹೇಳು. ಅಲ್ಲೀವರೆಗೂ ಈ ಯಜಮಾನರ ಬಲಗಣ್ಣಿನ ಕಥೆ ಬಾಕಿ ಇದೆ."

ನರ್ಸಿಗೆ ಹೇಳಿ, ಗಂಡನಿಗೆ ಹೇಳಿ, ಟ್ಯಾಕ್ಸಿ ಹಿಡಿದಳು. ರಸ್ತೆ ಕಿಕ್ಕಿರಿದಿತ್ತು. ಒಂದೊಂದು ಸಿಗ್ನಲ್ಲಿನಲ್ಲೂ ಕೆಂಪು ದೀಪದ ಕೆಳಗಿನ ಅಂಕಿ ಇಳಿಯುವುದನ್ನು ನೋಡುತ್ತ ಸೀಟಿನ ಅಂಚಿಗೆ ಬಂದು ಕೂತಳು. ಆಂಬುಲೆನ್ಸ್ ನಂಬರಿಗೆ ತಾನೇ ಕರೆ ಮಾಡಿ ನೋಡಿದರೆ ತಿಳಿಯುತ್ತದೆ. ಆದರೆ ಆ ಹೊತ್ತಿಗೇ ಇನ್ನೊಬ್ಬರಿಗೆ ಸಿಗಬೇಕಾದ ದಾರಿಯನ್ನು ತಾನು ಹಿಡಿದರೆ? ಬೆರಳು ಮೂರು ಸಲ ನಂಬರಿನ ಮೇಲೆ ಹೋಗಿ ಮೂರು ಸಲ ವಾಪಸು ಬಂತು. ನಾಲ್ಕನೇ ಸಲ ಒತ್ತಿಯೇಬಿಟ್ಟಳು. ರಿಂಗಾಯಿತು. ಆಯಿತು. ಆಗುತ್ತಲೇ ಇತ್ತು. ಕೇಂದ್ರದಲ್ಲಿ ಮೂರನೇ ರಿಂಗಿಗಿಂತ ಆಚೆ ಯಾವ ಕರೆಯೂ ಹೋದದ್ದಿಲ್ಲ. ಅವಳು ಹದಿನೈದು ಎಣಿಸಿ ಕತ್ತರಿಸಿದಳು.

"ಯಾರಿಗಾದ್ರೂ ಹುಷಾರಿಲ್ವಾ ಮೇಡಂ?" ಎಂದು ಚಾಲಕ ಕನ್ನಡಿಯಲ್ಲಿ ನೋಡಿದ.

"ಗೊತ್ತಿಲ್ಲಪ್ಪ. ಬೇಗ ಹೋಗು" ಎಂದಳು.

ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದರು. ಹೊರಗೋಡೆಗೆ ಸಾರುವೆ ಕಟ್ಟಿ, ಬಣ್ಣ ಸಿಡಿಯದಿರಲೆಂದು ಅಲ್ಲಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅವಳು ಅದನ್ನು ದಾಟಿ ಒಳನುಗ್ಗಿ, ಎರಡೆರಡು ಮೆಟ್ಟಿಲು ಹತ್ತಿ, ಸರ್ವರ್ ಕೋಣೆಯ ಬಾಗಿಲು ಎಳೆದಳು. ಒಲೆಯ ಬಾಯಿ ತೆರೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ಹದಿನಾಲ್ಕು ವರ್ಷ ಸ್ವೆಟರ್ ಹಾಕಿಕೊಂಡು ಹೋದ ಕೋಣೆ ಅದು. ಎಂಟೂ ಯಂತ್ರಗಳ ಫ್ಯಾನುಗಳು ಒಟ್ಟಿಗೆ ಕಿರುಚುತ್ತಿದ್ದವು. ಏಸಿ ಸತ್ತಿತ್ತು. ನಾಲ್ಕನೆಯದರ ಮುಂದೆ ಹಸಿರು ದೀಪ ಉರಿಯುತ್ತಿತ್ತು. ಪರದೆ ಹಚ್ಚಿ ನೋಡಿದರೆ ಗಡಿಯಾರ ಹನ್ನೊಂದೂ ಐದಕ್ಕೆ ನಿಂತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಮೂರು ನಿಮಿಷ.

ಎಲೆಕ್ಟ್ರಿಷಿಯನ್ ಅವಳ ಹಿಂದೆಯೇ ಓಡಿ ಬಂದ. ನೆಲಮಾಳಿಗೆಯಲ್ಲಿ ಜನರೇಟರ್ ಸದ್ದಿಗೆ ಅವನಿಗೆ ಫೋನು ಕೇಳಿಸಿರಲಿಲ್ಲ. ಕೋಣೆಯ ಬಿಸಿ ತಾಗಿದ್ದೇ ಅವನ ಮುಖ ಬಿಳಿಚಿತು. "ಅಕ್ಕಾ, ನಾನು ಆನ್ ಮಾಡಿದ್ದೆ. ಆಣೆ ಮಾಡಿ ಹೇಳ್ತೀನಿ, ಆನ್ ಆಗಿತ್ತು."

"ಗೊತ್ತು. ಮತ್ತೆ ನಿಂತಿದೆ. ಹೊರಗಿನ ಯೂನಿಟ್ ನೋಡು ಹೋಗು."

ಈಗ ಮಾಡಬೇಕಾದದ್ದು ಒಂದೇ. ನಾಲ್ಕನೆಯದರ ಪ್ಲಗ್ ಕೀಳಬೇಕು. ಅದು ಪೂರ್ತಿ ಸತ್ತರೆ ಎಲ್ಲ ಕರೆಯೂ ಮೂರನೆಯದಕ್ಕೆ ಹೋಗುತ್ತದೆ. ಆದರೆ ಮೂರನೆಯದೂ ಕುದಿಯುತ್ತಿದೆ. ಅರ್ಧ ಭಾರಕ್ಕೇ ಏದುಸಿರು ಬಿಡುತ್ತಿರುವುದು ಪೂರ್ತಿ ಭಾರ ಬಿದ್ದು ಕುಸಿದರೆ, ಈಗ ಸಿಗುತ್ತಿರುವ ಅರ್ಧವೂ ಹೋಯಿತು. ಕರೆ ಯಂತ್ರವನ್ನು ಆರಿಸಲು ಮ್ಯಾನೇಜರ್ ಸಹಿ ಬೇಕು. ಅವರು ಈಗಲೂ ಫೋನ್ ಎತ್ತಲಿಲ್ಲ. ಅವಳು ಜನ್ಮದಲ್ಲಿ ಯಾರ ಅಪ್ಪಣೆಯಿಲ್ಲದೆ ಒಂದು ದೀಪ ಕೂಡ ಆರಿಸಿದವಳಲ್ಲ.

ಮೇಲ್ವಿಚಾರಕಿಗೆ ಫೋನ್ ಮಾಡಿದಳು. "ಮೇಡಂ, ಕಾಗದ ಪೆನ್ನು ತೆಗೆದಿಡಿ. ಎಲ್ಲ ನಿಂತರೂ ನಿಲ್ಲಬಹುದು. ನಾನು ಒಂದನ್ನ ಆರಿಸ್ತಾ ಇದ್ದೀನಿ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನೇ."

ಅದೇ ಏರಿಳಿತವಿಲ್ಲದ ದನಿ ಬಂತು. "ಸರಿ, ಆರಿಸು."

ಮೊದಲು ಹಾಜರಿ ಯಂತ್ರ, ತರಬೇತಿಯದು, ವರದಿಯದು, ಸದ್ಯಕ್ಕೆ ಬೇಡದ ಮೂರನ್ನು ಆರಿಸಿದಳು. ಅಷ್ಟಾದರೂ ಬಿಸಿ ಇಳಿಯಲಿ ಎಂದು. ಬಾಗಿಲಿಗೆ ಕುರ್ಚಿ ಒತ್ತಿಟ್ಟು ಪೂರ್ತಿ ತೆರೆದಳು. ಆಮೇಲೆ ನಾಲ್ಕನೆಯದರ ಹಿಂದೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು, ತಂತಿ ಎಳೆದಳು.

ಒಂದು ಫ್ಯಾನಿನ ಕಿರುಚಾಟ ಇಳಿದು ನಿಂತಿತು. ಏನೂ ಆಗಲಿಲ್ಲ. ಮೂರನೆಯದರ ದೀಪ ಮಿಣುಕಿತು, ಮತ್ತೆ ಮಿಣುಕಿತು. ಅಷ್ಟರಲ್ಲಿ ಎರಡು ಮಹಡಿ ಕೆಳಗಿನಿಂದ, ತೆರೆದ ಬಾಗಿಲಿನ ದಾರಿಯಾಗಿ ಹೆಂಗಸರ ದನಿಗಳು ಒಂದರ ಮೇಲೊಂದು ಕೇಳಿಬಂದವು. ಹೇಳಿ, ಎಲ್ಲಿದ್ದೀರ? ಹೇಳಿ, ಎಲ್ಲಿದ್ದೀರ? ಹೇಳಿ?

ಕರೆಕೋಣೆಯ ನಿಲುವು ಫ್ಯಾನುಗಳನ್ನೆಲ್ಲ ಹೊತ್ತು ತಂದು ಮೂರನೆಯದರ ಸುತ್ತ ಇಟ್ಟರು. ಎಲೆಕ್ಟ್ರಿಷಿಯನ್ ಸಾರುವೆ ಹತ್ತಿ, ಏಸಿಯ ಹೊರಗಿನ ಯೂನಿಟ್ಟಿಗೆ ಬಣ್ಣದವರು ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಕೆಳಗೆ ಎಸೆದ. ಅದು ಉಸಿರುಕಟ್ಟಿ ಎರಡೆರಡು ಸಲ ನಿಂತದ್ದು ಆ ಹಾಳೆಯಿಂದ. ಹೊದಿಸಿದವನದು ಕೆಟ್ಟ ಮನಸ್ಸಲ್ಲ. ಯಂತ್ರಕ್ಕೆ ಬಣ್ಣ ಸಿಡಿಯಬಾರದೆಂದು ಅಕ್ಕರೆಯಿಂದಲೇ ಗಂಟು ಹಾಕಿದ್ದ.

ನಾಲ್ಕನೆಯದು ತಣ್ಣಗಾದ ಮೇಲೆ ಅದನ್ನು ಮತ್ತೆ ಎಬ್ಬಿಸಿ, ಅಷ್ಟು ಹೊತ್ತಿನಲ್ಲಿ ಅದರ ಬಾಗಿಲಿಗೆ ಬಂದು ಹಾಗೇ ಹೋದ ಕರೆಗಳ ಪಟ್ಟಿ ತೆಗೆದರು. ನಲವತ್ತಮೂರು. ಅವಳು ಪಟ್ಟಿ ಹಿಡಿದು ಕೆಳಗೆ ಹೋಗಿ, ಮೇಲ್ವಿಚಾರಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಹೆಂಗಸರು ಹಂಚಿಕೊಂಡು ಒಂದೊಂದೇ ನಂಬರಿಗೆ ವಾಪಸು ಕರೆ ಮಾಡತೊಡಗಿದರು.

ಆ ಒಂದು ಗಂಟೆಯ ಹೆದರಿಕೆಯ ಮುಂದೆ ಟ್ಯಾಕ್ಸಿಯದು ಏನೂ ಅಲ್ಲ. ಪ್ರತಿ ಕರೆಗೂ ಅವಳು ಕರೆ ಮಾಡಿದ ಹೆಂಗಸಿನ ಮುಖವನ್ನೇ ನೋಡುತ್ತಿದ್ದಳು. ಮುಖ ಸಡಿಲವಾದರೆ ಪಟ್ಟಿಯಲ್ಲಿ ಒಂದು ಗೆರೆ ಹೊಡೆಯುತ್ತಿದ್ದಳು. ಬಹಳ ಜನ ಎರಡನೇ ಸಲ ಮಾಡಿದ್ದರು, ಸಿಕ್ಕಿತ್ತು. ಹತ್ತು ಜನ ಬೇರೆ ಗಾಡಿ ಹಿಡಿದು ಹೋಗಿದ್ದರು. ಒಬ್ಬಾಕೆಗೆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲೇ ಹೆರಿಗೆಯಾಗಿತ್ತು. ಗಂಡ ಸಿಟ್ಟಿನಲ್ಲಿ ಬಾಯಿಗೆ ಬಂದ ಹಾಗೆ ಬೈದು, ಕೊನೆಗೆ ಹೆಣ್ಣು ಮಗು ಎಂದು ಹೇಳಿ ಅತ್ತುಬಿಟ್ಟ. ಒಂದು ಅವಳದೇ ನಂಬರು. ನಲವತ್ತೆರಡಕ್ಕೆ ಗೆರೆ ಬಿತ್ತು. ಒಂದು ಉಳಿಯಿತು. ಮನೆಯ ಫೋನು. ಹನ್ನೊಂದೂ ಇಪ್ಪತ್ತಕ್ಕೆ ಒಂದೇ ಒಂದು ಸಲ ಬಂದದ್ದು. ಈಗ ಮಾಡಿದರೆ ಬರೀ ಎಂಗೇಜ್.

"ಮಾತಾಡ್ತಾ ಇರಬಹುದು" ಎಂದಳು ಒಬ್ಬಳು.

"ರಿಸೀವರ್ ಕೆಳಗೆ ಬಿದ್ದಿದೆ" ಎಂದಳು ಅವಳು. ಹಾಗೇಕೆ ಹೇಳಿದಳೋ ಅವಳಿಗೇ ತಿಳಿಯದು. ಕೆಟ್ಟದ್ದನ್ನೇ ಮೊದಲು ಯೋಚಿಸುವುದು ಅವಳ ರಕ್ತದಲ್ಲೇ ಇತ್ತು. "ಗಾಡಿ ಕಳಿಸಿ ಮೇಡಂ. ಕೇಳೋದು ಬೇಡ, ಕಳಿಸಿಬಿಡಿ."

ಗಾಡಿ ಹೋಯಿತು. ಬಾಗಿಲು ಒಳಗಿನಿಂದ ಹಾಕಿತ್ತು. ಪಕ್ಕದ ಮನೆಯವರನ್ನು ಕರೆದು ಬಾಗಿಲು ಒಡೆದರು. ಒಂಟಿಯಾಗಿದ್ದ ಮುದುಕ, ಒಂದು ಕಾಲದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಸೊಂಟ ಮುರಿದುಕೊಂಡು ಮೇಜಿನ ಕೆಳಗೆ ಬಿದ್ದಿದ್ದ. ತಂತಿ ಎಳೆದು ಫೋನನ್ನು ಬೀಳಿಸಿಕೊಂಡು ಒಂದು ಸಲ ನಂಬರ್ ಒತ್ತಿದ್ದ. ರಿಸೀವರ್ ಕೈ ಜಾರಿ ಅಲಮಾರಿಯ ಅಡಿಗೆ ಹೋಗಿತ್ತು. ಎರಡು ಗಂಟೆ ಹಾಗೇ ಬಿದ್ದಿದ್ದ. ಜೀವವಿತ್ತು.

ಆ ಸುದ್ದಿ ಬಂದಾಗ ಕರೆಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವಳು ಎದ್ದು ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ ಮುಖ ತೊಳೆದು ಆಸ್ಪತ್ರೆಗೆ ವಾಪಸು ಹೋದಳು. ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಗನ ಭುಜಕ್ಕೆ ಒರಗಿ, "ಬಂದ್ಯಾ? ನಿನ್ನ ಮಷೀನ್ ಬದುಕ್ತಾ?" ಎಂದು ಕೇಳಿದಳು. ಅವಳು ಹೂಂ ಎಂದು ಅಲ್ಲೇ ಕುಸಿದು ಕೂತಳು.

ವಿಚಾರಣೆ ನಡೆಯಿತು. ಮ್ಯಾನೇಜರ್ ಬಣ್ಣದವರ ತಪ್ಪೆಂದು ಬರೆದು ಮುಗಿಸಲು ನೋಡಿದರು. ಚಾಟ್ ಕಂಪನಿಯವರು ವಿಳಾಸ ಮುಚ್ಚಿದ್ದೇವೆಂದು ಕಳಿಸಿದ ಪತ್ರ ಅವರ ಮೇಲ್ ಪೆಟ್ಟಿಗೆಯಲ್ಲೇ ಓದದೆ ಬಿದ್ದಿತ್ತು. ಅವಳು ಮಾತ್ರ ತನ್ನ ಹೇಳಿಕೆಯಲ್ಲಿ ಎರಡು ಸಾಲು ಬರೆದಳು: ಎಂಟು ಯಂತ್ರ ಒಟ್ಟಿಗೆ ಕೂಗಿದರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ, ಎಚ್ಚರಿಕೆಗೆ ಒಂದೇ ದಾರಿ ಇಟ್ಟದ್ದು ನನ್ನ ತಪ್ಪು. ಪ್ರೋಗ್ರಾಮರ್ ಹುಡುಗಿ ಅದರ ಕೆಳಗೆ ತಾನಾಗಿ ಸಹಿ ಹಾಕಿದಳು. "ಆವತ್ತು ನಕ್ಕಿದ್ದು ನಾನು ತಾನೇ" ಎಂದಳು.

ಹದಿನೈದು ದಿನದ ಮೇಲೆ ಅವಳು ಒಬ್ಬಳೇ ಆ ಮುದುಕನನ್ನು ನೋಡಲು ಹೋದಳು. ವಾರ್ಡಿನ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಎರಡು ಸಲ ಹಿಂದಕ್ಕೆ ತಿರುಗಿ, ಕೊನೆಗೆ ಒಳಗೆ ಹೋದಳು.

"ಯಾರಮ್ಮ?"

"ಆಂಬುಲೆನ್ಸ್ ಕೇಂದ್ರದಲ್ಲಿ ಕೆಲಸ ಮಾಡ್ತೀನಿ."

"ಓ. ರಿಂಗ್ ಆಗ್ತಾ ಇತ್ತು. ಯಾರೂ ಎತ್ತಲಿಲ್ಲ. ಎಷ್ಟು ರಿಂಗ್ ಆಯ್ತು ಅಂತ ಎಣಿಸ್ತಾ ಇದ್ದೆ. ಎಣಿಕೆ ತಪ್ಪಿಹೋಯ್ತು."

"ತಪ್ಪು ನಮ್ಮದು" ಎಂದಳು. ಯಂತ್ರ, ಬಿಸಿ, ಮುಚ್ಚಿದ ವಿಳಾಸ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಅವನು ಗಡಿಯಾರದ ಒಳಗನ್ನು ನೋಡಿದವನು. ನಡುನಡುವೆ ಸರಿಯಾದ ಪ್ರಶ್ನೆಗಳನ್ನೇ ಕೇಳಿದ.

"ಇನ್ನು ಮೇಲೆ ಹೀಗಾಗಲ್ಲ ತಾನೇ?"

ಆಗಲ್ಲ ಎಂದುಬಿಡಬಹುದಿತ್ತು. ಮಲಗಿರುವ ಮುದುಕನಿಗೆ ಅಷ್ಟು ಸಮಾಧಾನ ಹೇಳಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

"ಆಗಬಹುದು" ಎಂದಳು. "ಎಚ್ಚರಿಕೆಗಳನ್ನ ಒಟ್ಟುಗೂಡಿಸಿ ಒಂದೇ ಮಾಡಿದ್ದೀವಿ. ಗ್ರೂಪ್ ಬಿಟ್ಟು ಇನ್ನೊಂದು ದಾರೀನೂ ಇಟ್ಟಿದ್ದೀವಿ. ಎರಡರಲ್ಲಿ ಯಾವುದು ಸುಮ್ಮನಾದ್ರೂ ಕರೆಕೋಣೇಲಿ ಗಂಟೆ ಹೊಡೆಯತ್ತೆ. ಆದ್ರೂ ಆಗಲ್ಲ ಅಂತ ಹೇಳೋಕೆ ನನಗೆ ಹೆದರಿಕೆ."

ಮುದುಕ ಅವಳನ್ನು ದಿಟ್ಟಿಸಿ ನೋಡಿದ. "ಆ ಸ್ಟೂಲ್ ಎಳ್ಕೊಂಡು ಕೂತ್ಕೊಳಮ್ಮ" ಎಂದ. "ಗಂಟೆ ಅಂದ್ಯಲ್ಲ, ಅದನ್ನ ಯಾರು ಪರೀಕ್ಷೆ ಮಾಡ್ತಾರೆ? ಎಷ್ಟು ದಿನಕ್ಕೊಂದು ಸಲ?"

ಅವಳು ಸ್ಟೂಲ್ ಎಳೆದುಕೊಂಡು ಕೂತು, ಚೀಲದಿಂದ ನೋಟ್‌ಬುಕ್ ತೆಗೆದಳು.